ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಅಕ್ಕಿ ಕಾಳೋ, ಕೂದಲಿಗಿಂತ ಸಣ್ಣ ಪುಡಿಯೋ?

ಚರ್ಮದಡಿ ಇಡುವ ಆರ್‌ಎಫ್‌ಐಡಿ ಚಿಪ್ (ತನ್ನ ನಂಬರನ್ನು ರೇಡಿಯೋ ಅಲೆಯ ಮೂಲಕ ತಿಳಿಸುವ ಗುರುತಿನ ಚಿಪ್) ಎಷ್ಟು ಸಣ್ಣದು ಎಂದು ಕೇಳಿ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ. ಉತ್ತರ ಬರೆದವರಲ್ಲಿ ಒಬ್ಬರು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವರು, ಇನ್ನೊಬ್ಬರು ಪಶುವೈದ್ಯರು. ಯಾವ ಉತ್ತರ ಯಾರದು ಎಂಬುದು ಓದಿದರೆ ತಿಳಿಯುತ್ತದೆ.

ವಾಟ್ಸಾಪ್‌ನಾಗ ಒಂದು ವಿಡಿಯೋ ಬಂದದ. ಕೂದಲಿನ ಪಕ್ಕ ಚಿಪ್ ಇಟ್ಟು ತೋರಸ್ತಾರ, ಕೂದಲಿಗಿಂತ ಸಣ್ಣದದ. ಪೇಪರ್‌ನಾಗ ನೋಡಿದ್ರ ‘ಅಕ್ಕಿ ಕಾಳಿನ ಗಾತ್ರದ ಚಿಪ್’ ಅಂತ ಬರದಾರ. ಯಾವುದು ಖರೆ? ಲಸಿಕೆ ಸೂಜಿಯಾಗ ಇದು ಹೋಗ್ತದೇನ್ರಿ?
— ಪದವಿ ವಿದ್ಯಾರ್ಥಿ, ಕಲಬುರಗಿ

ಎರಡೂ ಖರೆ. ಆದರೆ ಅವು ಎರಡು ಬೇರೆ ಬೇರೆ ವಸ್ತುಗಳು. ಎರಡಕ್ಕೂ ‘ಚಿಪ್’ ಎಂಬ ಒಂದೇ ಹೆಸರು ಇರುವುದರಿಂದ ಈ ಗೋಜಲು.

ಮೊದಲು ಅಕ್ಕಿ ಕಾಳಿನ ವಿಷಯ. ನಾಯಿ, ಬೆಕ್ಕುಗಳ ಚರ್ಮದಡಿ ಹಾಕುವ ಸಾಮಾನ್ಯ ಚಿಪ್ ಒಂದು ಗಾಜಿನ ಕ್ಯಾಪ್ಸೂಲ್. ಉದ್ದ ಸುಮಾರು 12 ಮಿ.ಮೀ., ದಪ್ಪ ಸುಮಾರು 2.1 ಮಿ.ಮೀ. ಅಂದರೆ ಎರಡು ತೊಗರಿ ಬೇಳೆಗಳನ್ನು ಸಾಲಾಗಿ ಇಟ್ಟಷ್ಟು ಉದ್ದ. ನಮ್ಮ ಮನೆಗಳಲ್ಲಿ ಬಳಸುವ ಸೋನಾ ಮಸೂರಿ ಅಕ್ಕಿ 5 ಮಿ.ಮೀ. ಆಸುಪಾಸು ಇರುತ್ತದೆ, ಹಾಗಾಗಿ ‘ಅಕ್ಕಿ ಕಾಳು’ ಎನ್ನುವುದೂ ಪೂರ್ತಿ ಸರಿಯಲ್ಲ. ಬೇಯಿಸಿದ ಬಾಸ್ಮತಿ ಅನ್ನದ ಅಗುಳು ಎಂದರೆ ಹತ್ತಿರ ಬರುತ್ತದೆ. 8 ಮಿ.ಮೀ. ಉದ್ದ, 1.4 ಮಿ.ಮೀ. ದಪ್ಪದ ಸಣ್ಣ ಬಗೆಯೂ ಸಿಗುತ್ತದೆ. ಹಸಿ ಬಾಸ್ಮತಿ ಕಾಳಿಗೆ ಹೋಲಿಸಬಹುದಾದದ್ದು ಅದನ್ನು.

ಈ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಕೊಳವೆಯ ಬಹುಪಾಲು ತುಂಬಿರುವುದು ಕೆಂಪು ಕಂದು ಬಣ್ಣದ ಒಂದು ಸುರುಳಿ. ಹಳೆ ರೇಡಿಯೋ ಬಿಚ್ಚಿದರೆ ಒಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ಕಾಣುತ್ತದಲ್ಲ, ಇದು ಅದರದೇ ಮರಿ. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಿರುತ್ತಾರೆ. ಇದೇ ಆಂಟೆನಾ. ಕೊಳವೆಯ ಒಂದು ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ನಿಜವಾದ ಸಿಲಿಕಾನ್ ಚಿಪ್ ಆ ಚುಕ್ಕೆ ಮಾತ್ರ. ಒಳಗೆ ಬ್ಯಾಟರಿ ಇಲ್ಲ. ರೀಡರ್, ಅಂದರೆ ಚಿಪ್ ಓದುವ ಯಂತ್ರ, ಹತ್ತಿರ ಬಂದಾಗ ಅದರ ಕಾಂತಕ್ಷೇತ್ರದಿಂದ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ, ಅದರಿಂದ ಚುಕ್ಕೆಗೆ ಜೀವ ಬಂದು ತನ್ನ ನಂಬರ್ ಹೇಳುತ್ತದೆ. ರೀಡರ್ ದೂರ ಹೋದರೆ ಮತ್ತೆ ನಿರ್ಜೀವ.

ಈಗ ಕೂದಲಿನ ಪಕ್ಕದ ಚಿತ್ರ. ಅದು ಬಹುತೇಕ ಜಪಾನಿನ ಹಿಟಾಚಿ ಕಂಪನಿ 2007ರಲ್ಲಿ ತೋರಿಸಿದ ‘ಪುಡಿ ಚಿಪ್’. ಅಳತೆ 0.05 ಮಿ.ಮೀ. ಉದ್ದ, 0.05 ಮಿ.ಮೀ. ಅಗಲ. ಒಂದು ಗಸಗಸೆ ಕಾಳಿನ ಅಡ್ಡಕ್ಕೆ ಹತ್ತಿರ ಹತ್ತಿರ 20 ಚಿಪ್ ಸಾಲಾಗಿ ನಿಲ್ಲುತ್ತವೆ. ಅದಕ್ಕೂ ಮೊದಲು ಇದೇ ಕಂಪನಿ 0.4 ಮಿ.ಮೀ. ಚೌಕದ ‘ಮ್ಯೂ ಚಿಪ್’ ತಯಾರಿಸಿತ್ತು, 2005ರ ಐಚಿ ವಿಶ್ವಮೇಳದ ಟಿಕೆಟ್‌ಗಳಲ್ಲಿ ಅದನ್ನು ಬಳಸಲಾಗಿತ್ತು. ಇವೆಲ್ಲ ಕಾಗದಕ್ಕೆ, ಟಿಕೆಟ್ಟಿಗೆ ಎಂದು ಮಾಡಿದವು, ಚರ್ಮದಡಿ ಇಡಲಿಕ್ಕಲ್ಲ. ಜೊತೆಗೆ, ಹೇಳಿದ ಅಳತೆ ಸಿಲಿಕಾನ್ ತುಂಡಿನದು ಮಾತ್ರ. ಮ್ಯೂ ಚಿಪ್ಪನ್ನು 25 ಸೆಂ.ಮೀ. ದೂರದಿಂದ ಓದಬೇಕೆಂದರೆ ಅದಕ್ಕೆ ಸುಮಾರು 5 ಸೆಂ.ಮೀ. ಉದ್ದದ ಲೋಹದ ಆಂಟೆನಾ ಅಂಟಿಸಲೇಬೇಕು. ವಿಡಿಯೋದಲ್ಲಿ ಆ ಆಂಟೆನಾ ತೋರಿಸುವುದಿಲ್ಲ. ಎಂಜಿನ್ ಒಂದನ್ನೇ ತೋರಿಸಿ ‘ಲಾರಿ ಇಷ್ಟೇ ಇರ್ತದ ನೋಡ್ರಿ’ ಅಂದ ಹಾಗೆ.

ಆಂಟೆನಾವನ್ನೂ ಪುಡಿ ಮಾಡಬಾರದೇಕೆ ಎಂದರೆ, ಸುರುಳಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದು ಅದರ ಬಾಯಿಯ ವಿಸ್ತೀರ್ಣ ಮತ್ತು ಸುತ್ತುಗಳ ಮೇಲೆ ನಿಂತಿದೆ. 2 ಮಿ.ಮೀ. ಬಾಯಿಯ ಸುರುಳಿಯನ್ನು 0.05 ಮಿ.ಮೀ.ಗೆ ಇಳಿಸಿದರೆ ಅಡ್ಡಳತೆ 40 ಪಾಲು ಕಡಿಮೆ, ವಿಸ್ತೀರ್ಣ 1,600 ಪಾಲು ಕಡಿಮೆ. ಮೇಲಾಗಿ ರೀಡರಿನ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಸಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಪಾಲು. ಹೀಗಾಗಿ ಆಂಟೆನಾ ಚಿಕ್ಕದಾದಷ್ಟೂ ಓದುವ ದೂರ ಸೆಂಟಿಮೀಟರಿನಿಂದ ಮಿಲಿಮೀಟರಿಗೆ ಇಳಿಯುತ್ತದೆ.

ಇನ್ನೊಂದು ತೊಡಕಿದೆ. ಮ್ಯೂ ಚಿಪ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ಮೈಕ್ರೋವೇವ್ ಒಲೆಯ ಆವರ್ತನವೂ ಅದೇ. ಮಾಂಸದಲ್ಲಿ ನೀರು ಹೆಚ್ಚು, ಆ ಅಲೆಗಳನ್ನು ಅದು ಹೀರಿಕೊಳ್ಳುತ್ತದೆ. ಅದಕ್ಕೇ ನಾಯಿ, ಬೆಕ್ಕುಗಳ ಮೈಯೊಳಗಿನ ಚಿಪ್‌ಗಳು 134.2 ಕಿಲೋಹರ್ಟ್ಸ್‌ನಂಥ ಕೆಳಗಿನ ಆವರ್ತನ ಬಳಸುತ್ತವೆ. ಅದು ಮಾಂಸವನ್ನು ಸಲೀಸಾಗಿ ದಾಟುತ್ತದೆ, ಆದರೆ ನೂರಾರು ಸುತ್ತಿನ ಸುರುಳಿ ಕೇಳುತ್ತದೆ. ಕ್ಯಾಪ್ಸೂಲಿನ ಗಾತ್ರ ಇಷ್ಟು ವರ್ಷವಾದರೂ ಅಷ್ಟಾಗಿ ಕುಗ್ಗದಿರಲು ಇದೇ ಕಾರಣ. ಸಿಲಿಕಾನ್ ಕುಗ್ಗಿತು, ತಾಮ್ರ ಕುಗ್ಗಲಿಲ್ಲ.

ಸೂಜಿಯ ಲೆಕ್ಕ ಸುಲಭ. ಸೂಜಿಯ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ, ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು. ಲಸಿಕೆಗೆ ಬಳಸುವ 23 ಗೇಜ್ ಸೂಜಿಯ ಹೊರ ದಪ್ಪ 0.64 ಮಿ.ಮೀ., ಒಳರಂಧ್ರ ಸುಮಾರು 0.34 ಮಿ.ಮೀ. 25 ಗೇಜ್ ಆದರೆ ರಂಧ್ರ 0.26 ಮಿ.ಮೀ. 2.1 ಮಿ.ಮೀ. ಕ್ಯಾಪ್ಸೂಲಿಗೆ 12 ಗೇಜ್ ಸೂಜಿ ಬೇಕು, ಅದರ ಹೊರ ದಪ್ಪವೇ ಸುಮಾರು 2.8 ಮಿ.ಮೀ. ಅದನ್ನು ಕಂಡವರು ‘ಗೊತ್ತಾಗದಂಗ ಹಾಕಿಬಿಟ್ರು’ ಎನ್ನಲಾರರು. ಪುಡಿ ಚಿಪ್ ಮಾತ್ರ ಲಸಿಕೆ ಸೂಜಿಯ ರಂಧ್ರದಲ್ಲಿ ನುಸುಳುವಷ್ಟು ಸಣ್ಣದು, ಅದನ್ನು ಒಪ್ಪಲೇಬೇಕು. ಆದರೆ ಆಂಟೆನಾ ಇಲ್ಲದೆ ನುಸುಳಿದ್ದು ಸಿಲಿಕಾನಿನ ಒಂದು ಕಣ ಅಷ್ಟೇ. ಹೊರಗಿನವರ ಯಾವ ಪ್ರಶ್ನೆಗೂ ಅದು ಉತ್ತರ ಕೊಡುವುದಿಲ್ಲ. ಕೋವಿಶೀಲ್ಡ್ ಬರುತ್ತಿದ್ದದ್ದು 10 ಡೋಸ್‌ನ 5 ಮಿ.ಲೀ. ಬಾಟಲಿಯಲ್ಲಿ, ಒಬ್ಬರಿಗೆ 0.5 ಮಿ.ಲೀ. ಒಂದೇ ಬಾಟಲಿಯಲ್ಲಿ ಹತ್ತು ಚಿಪ್ ತೇಲಿಸಿದರೆ ಯಾವ ನಂಬರ್ ಯಾರ ತೋಳಿಗೆ ಹೋಯಿತು, ಒಬ್ಬರಿಗೇ ಮೂರು ಹೋದವೇ ಎಂದು ಬರೆದಿಡುವವರು ಯಾರು?

ನಾನು ಗಣಿತದ ಮಾಸ್ತರ. ಒಂದು ಕಡೆ ಈ ಪುಡಿ ಚಿಪ್ ‘ಹಳೆಯದಕ್ಕಿಂತ 64 ಪಟ್ಟು ಸಣ್ಣದು’ ಅಂತ ಓದಿದೆ, ಇನ್ನೊಂದು ಕಡೆ ‘8 ಪಟ್ಟು’ ಅಂತದ. ಯಾರ ಲೆಕ್ಕ ತಪ್ಪು?
— ಶಿಕ್ಷಕರು, ಆಳಂದ

ಯಾರದೂ ತಪ್ಪಿಲ್ಲ ಮಾಸ್ತರರೇ. ಹಳೆಯ ಮ್ಯೂ ಚಿಪ್ಪಿನ 0.4 ಅನ್ನು ಪುಡಿ ಚಿಪ್ಪಿನ 0.05ರಿಂದ ಭಾಗಿಸಿದರೆ 8, ಅದು ಬದಿಯ ಲೆಕ್ಕ. 8ರ ವರ್ಗ 64, ಅದು ವಿಸ್ತೀರ್ಣದ ಲೆಕ್ಕ. ವರದಿಗಾರರಿಗೆ ದೊಡ್ಡ ಸಂಖ್ಯೆ ಇಷ್ಟ. ತಪ್ಪಾಗುವುದು ಆಮೇಲೆ. 12 ಮಿ.ಮೀ. ಕ್ಯಾಪ್ಸೂಲನ್ನು 64ರಿಂದ ಭಾಗಿಸಿ ‘ಇನ್ನು ನಾಯಿ ಚಿಪ್ಪೂ 0.19 ಮಿ.ಮೀ. ಆಗುತ್ತದೆ’ ಎಂದು ಬರೆಯುವವರಿದ್ದಾರೆ. ಒಂದು ವಸ್ತುವಿನ ವಿಸ್ತೀರ್ಣದ ಗುಣಕವನ್ನು ತಂದು ಬೇರೆ ವಸ್ತುವಿನ ಉದ್ದಕ್ಕೆ ಹಚ್ಚಿದ ಲೆಕ್ಕ ಅದು. ಮೈಕ್ರಾನ್ ಮತ್ತು ಮಿಲಿಮೀಟರ್ ಅದಲು ಬದಲಾಗುವುದು ಇನ್ನೊಂದು ಮಾಮೂಲಿ ತಪ್ಪು. 0.05 ಮಿ.ಮೀ. ಎಂದರೆ 50 ಮೈಕ್ರಾನ್, 5 ಅಲ್ಲ. ಪರೀಕ್ಷೆಗೆ ಕೊಡಲಿಕ್ಕೆ ಚಲೋ ಪ್ರಶ್ನೆ ಇದು.

ಇದನ್ನು ಹೈಸ್ಕೂಲ್ ಮಕ್ಕಳಿಗೆ ಕಣ್ಣಿಗೆ ಕಾಣುವಂತೆ ತೋರಿಸಬೇಕು. ಖರ್ಚು ಕಡಿಮೆ ಇರಬೇಕು. ಏನು ಮಾಡಬಹುದು?
— ವಿಜ್ಞಾನ ಶಿಕ್ಷಕಿ, ಚಿತ್ತಾಪುರ

ಮೂರು ಸಾಮಾನು ಸಾಕು ಮೇಡಂ. ಉಪಯೋಗ ಮುಗಿದ ಒಂದು ಫಾಸ್ಟ್ಯಾಗ್, ಅವಧಿ ಮುಗಿದ ಒಂದು ‘ಟ್ಯಾಪ್’ ಎಟಿಎಂ ಕಾರ್ಡ್ (ನಾಲ್ಕು ಕಮಾನುಗಳ ಗುರುತು ಇರುವುದು), ಮತ್ತು ಎನ್‌ಎಫ್‌ಸಿ (ಹತ್ತಿರ ಹಿಡಿದ ಕಾರ್ಡ್, ಸ್ಟಿಕರ್ ಓದುವ ಸೌಲಭ್ಯ) ಇರುವ ಒಂದು ಫೋನ್. ಆನ್‌ಲೈನ್‌ನಲ್ಲಿ ಸಿಗುವ 25 ಮಿ.ಮೀ. ದುಂಡನೆಯ ಎನ್‌ಎಫ್‌ಸಿ ಸ್ಟಿಕರ್ ನಾಲ್ಕಾರು ಇದ್ದರೆ ಇನ್ನೂ ಒಳ್ಳೆಯದು.

ಫಾಸ್ಟ್ಯಾಗ್‌ನಿಂದ ಶುರು ಮಾಡಿ. ಗಾಡಿಯ ಗಾಜಿಗೆ ಅಂಟಿಸಿದ್ದನ್ನು ಕೀಳಬೇಡಿ, ಒಮ್ಮೆ ಕಿತ್ತರೆ ಅದು ಹಾಳಾಗುವಂತೆಯೇ ಮಾಡಿರುತ್ತಾರೆ. ಗಾಡಿ ಮಾರಿದವರ ಮನೆಯಲ್ಲಿ ಹಳೆಯದು ಸಿಕ್ಕೀತು. ಟಾರ್ಚಿನ ಮುಂದೆ ಹಿಡಿದರೆ ಒಳಗೆ ಲೋಹದ ಪಟ್ಟಿಗಳ ಚಿತ್ತಾರ ಕಾಣುತ್ತದೆ, ನಡುವೆ ಒಂದು ಕಪ್ಪು ಚುಕ್ಕೆ. ಮಕ್ಕಳು ಸ್ಕೇಲಿನಿಂದ ಎರಡನ್ನೂ ಅಳೆದು ಬರೆದುಕೊಳ್ಳಲಿ. ಚುಕ್ಕೆ ಮಿಲಿಮೀಟರಿಗಿಂತ ಸಣ್ಣದು, ಪಟ್ಟಿ ಹಲವು ಸೆಂಟಿಮೀಟರ್. ಹೈದರಾಬಾದ್ ಹೆದ್ದಾರಿಯ ಟೋಲ್‌ನಲ್ಲಿ ಹಲವು ಮೀಟರ್ ದೂರದಿಂದ ಹಣ ಕಡಿತವಾಗುವುದು ಆ ಪಟ್ಟಿಯ ದೆಸೆಯಿಂದ.

ಆಮೇಲೆ ಕಾರ್ಡ್. ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಕಾರ್ಡ್ ಮುಳುಗುವಷ್ಟು ಅಸಿಟೋನ್ ಹಾಕಿ ಒಂದು ರಾತ್ರಿ ಬಿಡಿ. ಪ್ಲಾಸ್ಟಿಕ್ ಪದರಗಳು ಬಿಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್ ಡಬ್ಬಿ ಬೇಡ, ಕೆಲವು ಬಗೆಯವು ಅಸಿಟೋನಿಗೆ ಕರಗುತ್ತವೆ. ಅಸಿಟೋನ್ ಹಬೆಗೆ ಥಟ್ಟನೆ ಬೆಂಕಿ ಹತ್ತುತ್ತದೆ, ಅದಕ್ಕೇ ಒಲೆ, ದೀಪದಿಂದ ದೂರ, ಕಿಟಕಿ ತೆರೆದಿಟ್ಟು, ನೀವೇ ಮಾಡಿ. ಮಕ್ಕಳ ಕೈಗೆ ತೊಳೆದು ಒಣಗಿಸಿದ್ದನ್ನು ಮಾತ್ರ ಕೊಡಿ. ಕಾರ್ಡಿನ ಅಂಚಿನ ಗುಂಟ ಕೆಲವೇ ಸುತ್ತು ತಂತಿ ಬರುತ್ತದೆ. ಬಂಗಾರದ ಬಣ್ಣದ ಚೌಕವನ್ನೇ ಜನ ಚಿಪ್ ಎನ್ನುತ್ತಾರೆ, ಅದು ಬರೀ ಸಂಪರ್ಕ ಪಟ್ಟಿ. ಸಿಲಿಕಾನ್ ಅದರ ಬೆನ್ನಿಗೆ ಅಂಟಿಕೊಂಡ ಸಣ್ಣ ಚೂರು.

ಮಕ್ಕಳಿಗೆ ಹೆಚ್ಚು ಹಿಡಿಸುವುದು ಕೊನೆಯದು. ಸ್ಟಿಕರನ್ನು ಫೋನಿನ ಬೆನ್ನಿಗೆ ಹಿಡಿದು ಓದಿಸಿ, ಎಷ್ಟು ದೂರದವರೆಗೆ ಓದುತ್ತದೆ ಎಂದು ಅಳೆಯಿರಿ. ಒಂದರಿಂದ ನಾಲ್ಕು ಸೆಂ.ಮೀ. ನಡುವೆ ಬರುತ್ತದೆ. ಫೋನಿನಲ್ಲಿ ಆಂಟೆನಾ ಎಲ್ಲಿದೆ ಎಂಬುದು ಒಂದೊಂದು ಫೋನಿಗೆ ಒಂದೊಂದು ಥರ, ಕ್ಯಾಮೆರಾದ ಆಸುಪಾಸು ಹುಡುಕಿ. ಈಗ ಬ್ಲೇಡಿನಿಂದ ಸ್ಟಿಕರಿನ ಅಂಚಿನ ತಂತಿಯನ್ನು ಒಂದೇ ಕಡೆ ಕತ್ತರಿಸಿ. ಚುಕ್ಕೆಯನ್ನು ಮುಟ್ಟಬೇಡಿ. ಮತ್ತೆ ಫೋನಿಗೆ ಹಿಡಿದರೆ ಸದ್ದಿಲ್ಲ. ಚಿಪ್ ಇದ್ದಲ್ಲೇ ಇದೆ, ಅಂಚಿನ ತಂತಿಯೊಂದು ತುಂಡಾದದ್ದಕ್ಕೇ ಮಾತು ನಿಂತಿತು.

ಫೋನಿನಿಂದ ಫಾಸ್ಟ್ಯಾಗ್ ಓದಲು ಹೋಗಬೇಡಿ. ಫೋನಿನದು 13.56 ಮೆಗಾಹರ್ಟ್ಸ್, ಫಾಸ್ಟ್ಯಾಗಿನದು 865ರಿಂದ 867 ಮೆಗಾಹರ್ಟ್ಸ್. ಇದೇ ಕಾರಣಕ್ಕೆ ನಾಯಿಯ ಚಿಪ್ಪನ್ನೂ ಫೋನ್ ಓದುವುದಿಲ್ಲ.

ನಮ್ಮ ನಾಯಿಗೆ ಚಿಪ್ ಹಾಕಿಸಬೇಕು ಅಂತ ಇದ್ದೇವೆ. ಆ ಸೂಜಿ ನೋಡಿ ಮನೆಯವರು ಹೆದರಿದ್ದಾರೆ. ಸಣ್ಣ ಚಿಪ್ ಹಾಕಿಸಿದರೆ ನಡೆಯುತ್ತದೆಯೇ? ಆಮೇಲೆ ನಾಯಿ ಕಳೆದರೆ ಮೊಬೈಲಿನಲ್ಲಿ ಎಲ್ಲಿದೆ ಅಂತ ತೋರಿಸುತ್ತದೆಯೇ?
— ಗೃಹಿಣಿ, ಕಲಬುರಗಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತೋರಿಸುವುದಿಲ್ಲಮ್ಮ. ಚಿಪ್ಪಿನಲ್ಲಿರುವುದು 15 ಅಂಕಿಯ ಒಂದು ನಂಬರ್ ಮಾತ್ರ. ನಾಯಿ ಯಾರಿಗಾದರೂ ಸಿಕ್ಕು, ಅವರು ರೀಡರ್ ಇರುವ ಡಾಕ್ಟರ ಹತ್ತಿರ ತಂದು, ಆ ನಂಬರಿಗೆ ನಿಮ್ಮ ಫೋನ್ ಎಲ್ಲಾದರೂ ನೋಂದಣಿಯಾಗಿದ್ದರೆ ಮಾತ್ರ ನಿಮಗೆ ಕರೆ ಬರುತ್ತದೆ. ಹಾಗಾಗಿ ಚಿಪ್ ಹಾಕಿಸಿದರೂ ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆದಿರಲಿ. ಜಿಪಿಎಸ್ ಬೇಕೆಂದರೆ ಬ್ಯಾಟರಿ ಮತ್ತು ಸಿಮ್ ಇರುವ ಪಟ್ಟಿ ಬೇರೆ ಕಟ್ಟಬೇಕು, ಅದನ್ನು ಆಗಾಗ ಚಾರ್ಜ್ ಮಾಡುತ್ತಲೂ ಇರಬೇಕು.

1.4 ಮಿ.ಮೀ. ಚಿಪ್ಪಿಗೆ ಸುಮಾರು 15 ಗೇಜ್ ಸೂಜಿ ಸಾಕು. ಬೆಕ್ಕಿಗೆ, ಸಣ್ಣ ತಳಿಯ ಮರಿಗೆ ಅದು ಒಳ್ಳೆಯದು. ಆದರೆ ಸುರುಳಿ ಚಿಕ್ಕದಾದ್ದರಿಂದ ಓದುವ ದೂರವೂ ಕಡಿಮೆ. ದಪ್ಪ ಕೂದಲು, ದಪ್ಪ ಕತ್ತಿನ ದೊಡ್ಡ ನಾಯಿಗೆ 12 ಮಿ.ಮೀ. ಉದ್ದದ್ದೇ ಇರಲಿ. ಕೈಯಲ್ಲಿ ಹಿಡಿಯುವ ಸಾಮಾನ್ಯ ರೀಡರಿಗೆ ಅದು 10–15 ಸೆಂ.ಮೀ. ದೂರಕ್ಕೆ ಸಿಗುತ್ತದೆ.

ಹಾಕುವಾಗ ನೀವು ಗಮನಿಸಬೇಕಾದದ್ದು ಇದು. ಮೊದಲು ಡಾಕ್ಟರು ನಾಯಿಯನ್ನು ಸ್ಕ್ಯಾನ್ ಮಾಡಬೇಕು. ದತ್ತು ತಂದ ನಾಯಿಯಲ್ಲಿ ಹಳೆ ಚಿಪ್ ಇರಬಹುದು, ಎರಡಿದ್ದರೆ ಗೊಂದಲ. ಆಮೇಲೆ ಪೊಟ್ಟಣ ಒಡೆಯುವ ಮುನ್ನವೇ ಹೊಸ ಚಿಪ್ಪನ್ನು ಓದಿಸಿ, ಬಂದ ನಂಬರ್ ಪೊಟ್ಟಣದ ಸ್ಟಿಕರಿನ ನಂಬರಿಗೆ ಹೊಂದುತ್ತದೆಯೇ ನೋಡಬೇಕು. ಪೊಟ್ಟಣ ಒಡೆದ ಮೇಲೆ ಸೂಜಿ ಕೈಜಾರಿ ಪರಸಿ ಕಲ್ಲಿನ ನೆಲಕ್ಕೆ ಬಿದ್ದರೆ ಅದನ್ನು ಬಳಸಬಾರದು, ಗಾಜು ಬಿರುಕು ಬಿಟ್ಟಿರಬಹುದು, ಶುದ್ಧತೆಯಂತೂ ಹೋಯಿತು. ಜಾಗ ಎರಡು ಭುಜದೆಲುಬುಗಳ ನಡುವೆ, ಬೆನ್ನಿನ ಮಧ್ಯರೇಖೆ. ಯೂರೋಪಿನಲ್ಲಿ ಕತ್ತಿನ ಎಡಭಾಗ. ಚರ್ಮವನ್ನು ಡೇರೆಯಂತೆ ಎತ್ತಿ, ಓರೆಯಾಗಿ ಸೂಜಿ ಹಾಕಿ, ದಂಡವನ್ನು ಪೂರ್ತಿ ಒತ್ತಬೇಕು. ಅರ್ಧ ಒತ್ತಿ ಸೂಜಿ ಎಳೆದರೆ ಕ್ಯಾಪ್ಸೂಲ್ ಸೂಜಿಯ ಜೊತೆಗೇ ಹಿಂದೆ ಬಂದು ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಸೂಜಿ ತೆಗೆದ ಮೇಲೆ ತೂತನ್ನು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು, ತಿಕ್ಕಬಾರದು. ಒಂದು ಹನಿ ರಕ್ತ ಬಂದರೆ ಗಾಬರಿ ಬೇಡ. ಕೊನೆಗೆ ಮತ್ತೊಮ್ಮೆ ಸ್ಕ್ಯಾನ್. ಇಷ್ಟಾಗದೆ ಮನೆಗೆ ಹೊರಡಬೇಡಿ.

ಮುಂದೆ ‘ಚಿಪ್ ಸಿಗುತ್ತಿಲ್ಲ’ ಎಂಬ ದೂರು ಬಂದರೆ ಬಹಳ ಸಲ ಚಿಪ್ ಕೆಟ್ಟಿರುವುದಿಲ್ಲ. ರೀಡರಿನ ಬ್ಯಾಟರಿ ಇಳಿದಿರುತ್ತದೆ, ಅಥವಾ ಹಳೆಯ 125 ಕಿಲೋಹರ್ಟ್ಸ್ ರೀಡರಿನಿಂದ 134.2ರ ಚಿಪ್ ಹುಡುಕುತ್ತಿರುತ್ತಾರೆ. ಕಬ್ಬಿಣದ ಸರಪಳಿ, ಸ್ಟೀಲ್ ಟೇಬಲ್ ಅಡ್ಡಿ ಮಾಡುತ್ತವೆ, ಸರಪಳಿ ಬಿಚ್ಚಿ ನೆಲದ ಮೇಲೆ ನಿಲ್ಲಿಸಿ ನೋಡಿ. ಚಿಪ್ ಜರಗುವುದೂ ಉಂಟು. ಸುತ್ತಲಿನ ಅಂಗಾಂಶ ಅದನ್ನು ಹಿಡಿದುಕೊಳ್ಳುವ ಮೊದಲೇ ಜಾರಿ ಭುಜಕ್ಕೋ ಮೊಣಕೈ ಹತ್ತಿರಕ್ಕೋ ಇಳಿಯುತ್ತದೆ. ಅದಕ್ಕೇ ಬೆನ್ನಷ್ಟೇ ಅಲ್ಲ, ಕತ್ತಿನ ಎರಡೂ ಪಕ್ಕ, ಎದೆ, ಮುಂಗಾಲುಗಳ ಮೇಲೆಲ್ಲ ರೀಡರನ್ನು ಮೈಗೆ ತಾಗಿಸಿ ನಿಧಾನವಾಗಿ ಆಡಿಸಬೇಕು. ರೀಡರನ್ನು ಅತ್ತಿತ್ತ ತಿರುಗಿಸಿಯೂ ನೋಡಬೇಕು. ಕ್ಯಾಪ್ಸೂಲ್ ಅಡ್ಡ ಮಲಗಿದ್ದರೆ ಕಾಂತರೇಖೆಗಳು ಸುರುಳಿಯ ಬಾಯಿಯೊಳಗೆ ಹಾಯುವುದಿಲ್ಲ.

ನಂಬರಿನ ಮೊದಲ ಮೂರು ಅಂಕಿ ನೋಡಿ. 356 ಎಂದಿದ್ದರೆ ಅದು ಭಾರತದ ಸಂಕೇತ, 9ರಿಂದ ಶುರುವಾದರೆ ತಯಾರಕರ ಸಂಕೇತ. ಕ್ಲಿನಿಕ್ಕಿನ ಹುಡುಗರಿಗೆ ಒಂದು ಕಿವಿಮಾತು: ಎಕ್ಸೆಲ್‌ನಲ್ಲಿ ಆ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿಟ್ಟುಕೊಳ್ಳಿ. ಇಲ್ಲವಾದರೆ 15 ಅಂಕಿಯೂ 9.56ಇ+14 ಎಂದು ಕಾಣುತ್ತದೆ, ಪ್ರಿಂಟ್ ತೆಗೆದ ಮೇಲೆ ಆ ಕಾಗದಕ್ಕೆ ಬೆಲೆಯಿಲ್ಲ.

ನಾಯಿಯನ್ನು ಯೂರೋಪಿಗೆ ಕರೆದೊಯ್ಯುವ ಯೋಚನೆ ಇದ್ದವರು ಕ್ರಮ ತಪ್ಪಿಸಬೇಡಿ. ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಚಿಪ್ಪಿಗಿಂತ ಮೊದಲು ಹಾಕಿದ ಲಸಿಕೆಯನ್ನು ಅವರು ಎಣಿಸುವುದಿಲ್ಲ. ಲಸಿಕೆಯ 30 ದಿನದ ನಂತರ ರಕ್ತ ಪರೀಕ್ಷೆಗೆ ಕಳಿಸಬೇಕು, ರೇಬಿಸ್ ಪ್ರತಿಕಾಯಗಳ ಮಟ್ಟ ಮಿ.ಲೀ.ಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಇರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

ನಮ್ಮ ಎಮ್ಮಿ ಕಿವಿಗಿ ಹಳದಿ ಬಿಲ್ಲೆ ಹೊಡದಾರ. ಅದರಾಗ ಚಿಪ್ ಅದ, ಎಮ್ಮಿ ಎಲ್ಲಿ ಹೋದ್ರೂ ಗೊತ್ತಾಗ್ತದ ಅಂತಾರ. ಹೌದೇನ್ರಿ?
— ರೈತರು, ಶಹಾಪುರ ತಾಲ್ಲೂಕು

ಇಲ್ಲ ಅಣ್ಣಾ. ಅದು ಪಶು ಆಧಾರ್ ಬಿಲ್ಲೆ. ಪ್ಲಾಸ್ಟಿಕ್, ಅದರ ಮೇಲೆ 12 ಅಂಕಿ ಮತ್ತು ಬಾರ್‌ಕೋಡ್ ಅಚ್ಚಾಗಿದೆ, ಅಷ್ಟೇ. ಲಸಿಕೆ, ಕೃತಕ ಗರ್ಭಧಾರಣೆ ವಿವರಗಳನ್ನು ಆ ನಂಬರಿನ ಮೇಲೆ ಭಾರತ್ ಪಶುಧನ್ ಆ್ಯಪ್‌ನಲ್ಲಿ ಬರೆಯುತ್ತಾರೆ. ಕಳ್ಳತನವಾದರೆ ಎಮ್ಮೆ ನಿಮ್ಮದೆಂದು ತೋರಿಸಲು ನಂಬರ್ ನೆರವಾಗುತ್ತದೆ, ಹುಡುಕಿಕೊಡುವುದಿಲ್ಲ. ನಂಬರನ್ನು ಬರೆದಿಟ್ಟುಕೊಳ್ಳಿ, ಬಿಲ್ಲೆ ಕಾಣುವಂತೆ ಎಮ್ಮೆಯ ಫೋಟೋ ತೆಗೆದಿಡಿ. ಜಾಲಿ ಕಂಟಿಗೆ ಸಿಕ್ಕಿ ಬಿಲ್ಲೆ ಕಿತ್ತು ಹೋದರೆ ಪಶು ಆಸ್ಪತ್ರೆಗೆ ತಿಳಿಸಿ, ಹೊಸ ನಂಬರನ್ನು ಹಳೆಯದಕ್ಕೆ ಜೋಡಿಸಬೇಕಾಗುತ್ತದೆ. ಮಳೆಗಾಲದಲ್ಲಿ ಬಿಲ್ಲೆ ಹೊಡೆಸಿದ್ದರೆ ತೂತಿನಲ್ಲಿ ಹುಳ ಬೀಳದಂತೆ ಒಂದು ವಾರ ದಿನಾ ನೋಡಿ.

ಹೊರದೇಶಗಳಲ್ಲಿ ದನಕ್ಕೆ ಚಿಪ್ ಇರುವ ದುಂಡು ಬಿಲ್ಲೆ ಹಾಕುತ್ತಾರೆ, ಹೊಟ್ಟೆಯಲ್ಲಿ ಉಳಿಯುವಂತೆ ನುಂಗಿಸುವ ಪಿಂಗಾಣಿ ಗುಂಡೂ ಉಂಟು. ಆ ಗುಂಡು ಸುಮಾರು 7 ಸೆಂ.ಮೀ. ಉದ್ದ. ಪತ್ರಿಕೆಯವರ ಭಾಷೆಯಲ್ಲಿ ಅದೂ ‘ಚಿಪ್ಪೇ’.

2016ರಲ್ಲಿ 2000 ರೂಪಾಯಿ ನೋಟಿನಲ್ಲಿ ನ್ಯಾನೋ ಚಿಪ್ ಇದೆ ಎಂದು ಟಿವಿಯಲ್ಲಿ ಗಂಟೆಗಟ್ಟಲೆ ತೋರಿಸಿದರು. ಅದೂ ಇದೇ ಗೊಂದಲವೇ?
— ವ್ಯಾಪಾರಿ, ಬೀದರ

ಇದೇ ಗೊಂದಲ, ಒಂದು ಕೈ ಮೇಲೆ. ನೋಟನ್ನು ನೆಲದಡಿ 120 ಮೀಟರ್ ಆಳದಲ್ಲಿ ಹೂತರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದಿದ್ದರು. ಅಳತೆಯನ್ನು ಕಾಗದದೊಳಗೆ ಹುದುಗುವ ಆರ್‌ಎಫ್‌ಐಡಿ ಚಿಪ್ಪಿನಿಂದ ತಂದರು, ಕೆಲಸವನ್ನು ಜಿಪಿಎಸ್‌ನಿಂದ ತಂದರು, ದೂರವನ್ನು ಎಲ್ಲಿಂದ ತಂದರೋ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವು ಹೇಳುತ್ತವೆ, ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ಫೋನ್ ಆ ಸಂಕೇತ ಕೇಳಿ ತಾನೇ ಲೆಕ್ಕ ಹಾಕುತ್ತದೆ, ಬೇರೆಯವರಿಗೆ ತಿಳಿಸಲು ಮೊಬೈಲ್ ಟವರ್ ಬೇಕು. ಆ ಸಂಕೇತ ಎಷ್ಟು ಕ್ಷೀಣವೆಂದರೆ ಬೀದರ ಕೋಟೆಯ ಕಲ್ಲಿನ ಕೋಣೆಯೊಳಗೆ ಹೊಕ್ಕರೆ ಸಾಕು, ಫೋನಿನಲ್ಲಿ ನೀಲಿ ಚುಕ್ಕೆ ಅಲೆದಾಡತೊಡಗುತ್ತದೆ. ನೋಟಿನಲ್ಲಿದ್ದದ್ದು ಹಸಿರಿನಿಂದ ನೀಲಿಗೆ ಬಣ್ಣ ಬದಲಿಸುವ ಭದ್ರತಾ ಎಳೆ. ಚಿಪ್ ಇಲ್ಲವೆಂದು ಸರ್ಕಾರವೇ ಹೇಳಿತು. 2023ರ ಮೇ 19ರಂದು ನೋಟನ್ನು ಚಲಾವಣೆಯಿಂದ ಹಿಂಪಡೆಯುವ ಘೋಷಣೆಯೂ ಆಯಿತು. ಬಚ್ಚಿಟ್ಟ ನೋಟುಗಳನ್ನು ಚಿಪ್ ಹಿಡಿದು ಹುಡುಕಿದವರು ಯಾರೂ ಇಲ್ಲ.

ಹೊರದೇಶದಲ್ಲಿ ಮನುಷ್ಯರೇ ಕೈಗೆ ಚಿಪ್ ಹಾಕಿಸಿಕೊಂಡಿದ್ದಾರಲ್ಲ? ಅದು ಎಷ್ಟು ದೊಡ್ಡದು? ನಮ್ಮ ಚಿಗವ್ವನ ಮುಂಗೈಯಲ್ಲಿ ಅಕ್ಕಿ ಕಾಳಿನಂಥ ಗಂಟು ಸಿಗುತ್ತದೆ, ಚಿಪ್ ಇರಬಹುದೇ?
— ಸುರಪುರ

ಹಾಕಿಸಿಕೊಂಡಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಅನುಮತಿ ಕೊಟ್ಟ ವೆರಿಚಿಪ್ ಕೂಡ ನಾಯಿ ಚಿಪ್ಪಿನಷ್ಟೇ ದೊಡ್ಡದು, ಒಳಗಿದ್ದದ್ದು 16 ಅಂಕಿಯ ನಂಬರ್. ಅದೇ ವರ್ಷ ಬಾರ್ಸಿಲೋನಾದ ಒಂದು ಕ್ಲಬ್ಬು ಗಿರಾಕಿಗಳು ಬಿಲ್ ಕಟ್ಟಲು ಅದನ್ನು ಬಳಸಿತು. 2017ರಲ್ಲಿ ವಿಸ್ಕಾನ್ಸಿನ್‌ನ ಒಂದು ಕಂಪನಿಯ ಸುಮಾರು 50 ನೌಕರರು ತಾವಾಗಿ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿಪ್ ಹಾಕಿಸಿಕೊಂಡರು. ಇಂಥ ಕೈಚಿಪ್‌ಗಳು ಬಾಗಿಲು ತೆರೆಯಲು, ಕಂಪ್ಯೂಟರಿಗೆ ಲಾಗಿನ್ ಆಗಲು, ತಿಂಡಿ ಕೊಳ್ಳಲು. ಅಳತೆ ಹೆಚ್ಚುಕಡಿಮೆ 12 × 2 ಮಿ.ಮೀ., ಆವರ್ತನ ಫೋನಿನದೇ, ಕೈಯನ್ನು ರೀಡರಿಗೆ ಬಹುತೇಕ ಮುಟ್ಟಿಸಿಯೇ ಹಿಡಿಯಬೇಕು. ಆ ಸುದ್ದಿಗೆ ‘ನೌಕರರ ಓಡಾಟದ ಮೇಲೆ ಕಣ್ಣು’ ಎಂಬ ಶೀರ್ಷಿಕೆ ಕೊಟ್ಟವರು ಈ ದೂರವನ್ನು ಬರೆಯಲಿಲ್ಲ.

ಚಿಗವ್ವನವರದು ಕೀಲಿನ ನೀರುಗಂಟೋ ಕೊಬ್ಬಿನ ಗಂಟೋ ಇರಬಹುದು. ಡಾಕ್ಟರಿಗೆ ತೋರಿಸಿ. ಅನುಮಾನ ಬಿಡದಿದ್ದರೆ ಎಕ್ಸ್‌ರೇಯಲ್ಲಿ ಚಿಪ್ಪಿನ ಸುರುಳಿ ಬೆಳ್ಳಗೆ ಎದ್ದು ಕಾಣುತ್ತದೆ. ಅಡಗಿಕೊಳ್ಳುವ ಜಾತಿಯದಲ್ಲ ಅದು.

ನಾನು ಪತ್ರಿಕೆಯೊಂದಕ್ಕೆ ಜಿಲ್ಲಾ ಸುದ್ದಿ ಬರೆಯುವವನು. ‘ಜಗತ್ತಿನ ಅತಿ ಸಣ್ಣ ಚಿಪ್, ಸೂಜಿಯಲ್ಲೇ ಮೈಗೆ’ ಎಂಬ ಏಜೆನ್ಸಿ ಸುದ್ದಿಗಳು ಆಗಾಗ ಬರುತ್ತವೆ. ಎಲ್ಲವೂ ಸುಳ್ಳೆಂದು ಕಸಕ್ಕೆ ಹಾಕಬೇಕೇ?
— ವರದಿಗಾರ, ಹುಮನಾಬಾದ್

ಬೇಡ, ಕೆಲವು ನಿಜ ಇರುತ್ತವೆ. 2021ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಒಟ್ಟು ಗಾತ್ರ 0.1 ಘನ ಮಿ.ಮೀ.ಗಿಂತ ಕಡಿಮೆ ಇರುವ, ಸೂಜಿಯಿಂದ ಒಳಗೆ ಕಳಿಸಬಹುದಾದ ಚಿಪ್ ಮಾಡಿದರು, ಇಲಿಗಳಲ್ಲಿ ಇಟ್ಟೂ ನೋಡಿದರು. ಅದು ಮೈಯ ಉಷ್ಣಾಂಶ ಹೇಳುತ್ತದೆ. ಆದರೆ ಅದು ಆರ್‌ಎಫ್‌ಐಡಿ ಅಲ್ಲ, ಅದರ ಶಕ್ತಿಯೂ ಮಾತೂ ಅಲ್ಟ್ರಾಸೌಂಡ್. ಓದಬೇಕಾದರೆ ಬಸುರಿಯರ ಸ್ಕ್ಯಾನಿಂಗ್‌ನಂತೆ ಯಂತ್ರದ ತಲೆಯನ್ನು ಚರ್ಮಕ್ಕೆ ಒತ್ತಬೇಕು. 0.5 ಮಿ.ಮೀ. ಚೌಕದ, ಬೆಳಕು ಬಿದ್ದಾಗ ಎಚ್ಚರವಾಗುವ ಚಿಪ್‌ಗಳನ್ನು ಪ್ರಯೋಗಾಲಯದ ಇಲಿಗಳ ಬಾಲದಲ್ಲಿ, ಇರುವೆಗಳ ಬೆನ್ನ ಮೇಲೆ ಇಟ್ಟದ್ದೂ ಉಂಟು. ಅವನ್ನು ಓದಲು ರೀಡರಿನ ಮೊನೆ ಅವುಗಳ ಮಗ್ಗುಲಿಗೇ ಬರಬೇಕು. 2019ರ ಕೊನೆಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಲಸಿಕೆಯ ಗುರುತಿಗೆಂದು ಚರ್ಮದಡಿಯ ಕಾಣದ ಬಣ್ಣವೊಂದನ್ನು ಪ್ರಕಟಿಸಿದರು. ಅದು ಅತಿಗೆಂಪು ಬೆಳಕಿನಲ್ಲಿ ಹೊಳೆಯುವ ಬಣ್ಣವಷ್ಟೇ, ಅದನ್ನೂ ಎಷ್ಟೋ ಕಡೆ ‘ಚಿಪ್’ ಎಂದು ಬರೆದರು.

ಆದ್ದರಿಂದ ಸುದ್ದಿ ಕೈಗೆ ಬಂದಾಗ ಕೊಟ್ಟ ಅಳತೆ ಯಾವುದರದು, ಸಿಲಿಕಾನ್ ತುಂಡಿನದೋ ಆಂಟೆನಾ ಸೇರಿದ್ದರದೋ ಎಂದು ಮೊದಲು ಹುಡುಕಿ. ಎಷ್ಟು ದೂರದಿಂದ ಓದುತ್ತಾರೆ ಎಂಬ ಸಂಖ್ಯೆ ಸುದ್ದಿಯಲ್ಲಿ ಇಲ್ಲವಾದರೆ ಮೂಲ ಪ್ರಕಟಣೆಯಲ್ಲಿ ಇದ್ದೇ ಇರುತ್ತದೆ, ಕೇಳಿ ತರಿಸಿಕೊಳ್ಳಿ. ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನೂ ಬರೆಯಿರಿ. ಫೋಟೋ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 12 ಮಿ.ಮೀ. ಕ್ಯಾಪ್ಸೂಲಿನ ಸುದ್ದಿಗೆ ಪತ್ರಿಕೆಯ ಹಳೆ ಚಿತ್ರಸಂಗ್ರಹದಿಂದ ಬೆರಳ ತುದಿಯ ಪುಡಿ ಚಿಪ್ಪಿನ ಫೋಟೋ ಹಾಕುವುದು ಡೆಸ್ಕಿನವರ ಹಳೆ ಚಾಳಿ, ಮರುದಿನ ಆ ಫೋಟೋ ಸುದ್ದಿಯನ್ನು ಬಿಟ್ಟು ಒಂದೇ ಓಡಾಡುತ್ತದೆ. ಹೋಲಿಕೆ ಬೇಕೇ ಬೇಕೆಂದರೆ ಮಿಲಿಮೀಟರನ್ನು ಮೊದಲು ಬರೆದು ಆಮೇಲೆ ಕಾಳನ್ನು ತನ್ನಿ.

ನಮ್ಮಲ್ಲಿ ಬ್ಯಾಸಗಿಗೆ 44 ಡಿಗ್ರಿ ಬಿಸಿಲು. ನಾಯಿ ಮೈಯಾಗಿನ ಗಾಜಿನ ಚಿಪ್ ಒಡಿತದೇನ್ರಿ?
— ಸೇಡಂ

ಒಡೆಯುವುದಿಲ್ಲ. ಬಿಸಿಲು ಎಷ್ಟೇ ಇದ್ದರೂ ಆರೋಗ್ಯವಂತ ನಾಯಿಯ ಮೈ 38ರಿಂದ 39 ಡಿಗ್ರಿಯಲ್ಲೇ ಇರುತ್ತದೆ, ಚಿಪ್ ಅದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ. 44 ಡಿಗ್ರಿಯಲ್ಲಿ ತೊಂದರೆ ಬರುವುದು ನಾಯಿಗೆ. ಅದಕ್ಕೆ ನೆರಳು, ನೀರು ಇಡಿ.